ತಾಳ ಹಾಕುವವರ ಸಾಲು

ಚಪ್ಪಾಳೆ ಯಾವಾಗ ತಟ್ಟಬೇಕು ಎಂಬುದನ್ನು ನಮಗೆ ಮೊದಲೇ ಹೇಳಿಕೊಟ್ಟಿದ್ದರು. ವಿಶಾಖಪಟ್ಟಣದ ನೌಕಾನೆಲೆಯಲ್ಲಿ ಅಧಿಕಾರಿಗಳ ಹೆಂಡತಿಯರ ಸಂಘದ ಸಭೆ ನಡೆದ ದಿನ ಅಧ್ಯಕ್ಷೆ ಚಹಾದ ಕಪ್ಪು ಕೆಳಗಿಟ್ಟು, "ಪಿಯಾನೊ ಕಛೇರಿಯಲ್ಲಿ ಒಂದು ಭಾಗ ಮುಗಿದಾಗ ತಟ್ಟಬಾರದು, ಇಡೀ ಕೃತಿ ಮುಗಿದ ಮೇಲೆ ತಟ್ಟಬೇಕು. ಯಾವುದು ಭಾಗ, ಯಾವುದು ಕೃತಿ ಅಂತ ಗೊತ್ತಾಗದವರು ನನ್ನ ಕಡೆ ನೋಡಿ," ಎಂದಿದ್ದರು. ಹಾಗಾಗಿ ಆ ಶುಕ್ರವಾರ ಸಂಜೆ ಸಭಾಂಗಣದಲ್ಲಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ವೇದಿಕೆಯನ್ನು ಬಿಟ್ಟು ಮೊದಲನೆಯ ಸಾಲಿನ ಒಂದು ಜೊತೆ ಕೈಗಳನ್ನೇ ನೋಡುತ್ತಿದ್ದರು.

ಎಂಬತ್ತೊಂಬತ್ತರ ಡಿಸೆಂಬರ್ ಅದು. ನನ್ನ ಗಂಡ ಇಂದುಧರ ಅವರ ಹಡಗು ಅಂಡಮಾನಿನ ಕಡೆ ಹೋಗಿ ವಾರಗಳಾಗಿದ್ದವು. ಮಗ ಕೊರುಕೊಂಡದ ಸೈನಿಕ ಶಾಲೆಯ ಹಾಸ್ಟೆಲಿನಲ್ಲಿದ್ದ. ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಬೆಳಿಗ್ಗೆ ಒಣಗಲು ಹಾಕಿದ ಬಟ್ಟೆಯ ಮೇಲೆ ಸಂಜೆಯ ಹೊತ್ತಿಗೆ ಬಂದರಿನ ಅದಿರಿನ ಕೆಂಪು ಧೂಳು ಕೂತಿರುತ್ತಿತ್ತು. ಅದನ್ನು ಕೊಡವಿ ಮಡಚಿಡುವುದು ನನ್ನ ಸಂಜೆಯ ಕೆಲಸ. ಕಛೇರಿಗೆ ಹೋದದ್ದು ಸಂಗೀತದ ಆಸೆಯಿಂದೇನಲ್ಲ, ಒಂದು ಸಂಜೆ ಜನರ ನಡುವೆ ಕೂತು ಬರಬಹುದಲ್ಲ ಎಂದು.

ಪಿಯಾನೊ ನುಡಿಸಿದವಳು ಪೋಲೆಂಡಿನಿಂದ ಬಂದಿದ್ದ ಹೆಂಗಸು. ಹೆಸರು ಹಾಲಿನಾ. ಮನೆತನದ ಹೆಸರನ್ನು ಸ್ವಾಗತ ಕೋರಿದವರಿಗೂ ಸರಿಯಾಗಿ ಹೇಳಲಾಗಲಿಲ್ಲ. ಐವತ್ತು ದಾಟಿರಬೇಕು. ಗಿಡ್ಡ ನರೆಗೂದಲು, ಉದ್ದನೆಯ ಕಪ್ಪು ಉಡುಪು, ಮೈಮೇಲೆ ಒಂದು ಒಡವೆಯೂ ಇಲ್ಲ. ತಂಬೂರಿ ಇಲ್ಲ, ಪಕ್ಕವಾದ್ಯ ಇಲ್ಲ. ಅಷ್ಟು ದೊಡ್ಡ ವೇದಿಕೆಯ ಮೇಲೆ ಅಷ್ಟು ದೊಡ್ಡ ಕಪ್ಪು ವಾದ್ಯದ ಮುಂದೆ ಒಬ್ಬಳೇ ಬಂದು ಕೂತು, ಅಂಗೈಗಳನ್ನು ತೊಡೆಗೆ ಒಮ್ಮೆ ಒರೆಸಿಕೊಂಡು ಶುರು ಮಾಡಿದಳು. ಹಿಂದಿನ ಶತಮಾನದ ಯುರೋಪಿನ ಸಂಗೀತ, ರೊಮ್ಯಾಂಟಿಕ್ ಎಂದು ಕರೆಯುವ ಕಾಲದ್ದು ಎಂದು ಹಂಚಿದ್ದ ಹಾಳೆಯಲ್ಲಿ ಅಚ್ಚಾಗಿತ್ತು.

ಮೊದಲೆರಡು ರಚನೆಗಳು ನನ್ನ ಪಕ್ಕದಿಂದ ಹಾದುಹೋದವು. ಬೆರಳುಗಳ ವೇಗ ನೋಡಿ ಬೆರಗಾದೆ, ಅಷ್ಟೆ. ಮೂರನೆಯದು ನಿಧಾನದ್ದು. ನಾಕ್ಟರ್ನ್, ರಾತ್ರಿಯ ಹಾಡು. ಬರೆದವನು ಅವಳ ದೇಶದವನೇ, ಚಿಕ್ಕ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡವನು. ಎಡಗೈ ತೊಟ್ಟಿಲು ತೂಗಿದ ಹಾಗೆ ನಡೆಯುತ್ತಿತ್ತು, ಅದರ ಮೇಲೆ ಬಲಗೈ ಹಾಡುತ್ತಿತ್ತು. ವೀಣೆ ಕಲಿತವಳು ನಾನು. ಸಂಗೀತ ಕಿವಿಗೆ ಬಿದ್ದರೆ ಕೈ ತಾನಾಗಿ ತಾಳ ಹಾಕುತ್ತದೆ. ಅಕ್ಕಪಕ್ಕದವರು ಕಂಡಾರೆಂದು ಸೆರಗಿನ ಒಳಗೇ ತೊಡೆಯ ಮೇಲೆ ಮೆಲ್ಲಗೆ ಹಾಕುತ್ತಿದ್ದೆ. ಹಾಡು ಒಂದು ಸಾಲಿನ ತುದಿಗೆ ಬಂತು. ಇನ್ನು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಇಳಿಯಬೇಕು ಎಂದು ನನ್ನ ಕೈ ಮೇಲೆದ್ದಿತು. ಅವಳು ಇಳಿಯಲಿಲ್ಲ.

ನಿಲ್ಲಿಸಿದಳೆಂದಲ್ಲ. ಕಾದಳು. ಬಾಗಿಲ ತನಕ ಬಂದವರು ಹೊಸಿಲ ಮೇಲೆ ಯಾಕೋ ನಿಂತ ಹಾಗೆ. ನನ್ನ ಕೈ ಸೆರಗಿನೊಳಗೆ ಗಾಳಿಯಲ್ಲೇ ನಿಂತಿತು. ಇನ್ನು ಬರುವುದಿಲ್ಲವೇನೋ ಅನ್ನಿಸುವಷ್ಟರಲ್ಲಿ ಇಳಿದಳು, ಎಷ್ಟು ಮೆಲ್ಲಗೆಂದರೆ ಆ ಪೆಟ್ಟು ನನ್ನ ಕೈಯದೋ ಅವಳದೋ ತಿಳಿಯಲಿಲ್ಲ.

ಇದು ನನಗೆ ಗೊತ್ತಿದ್ದ ಆಟ. ನಂಜನಗೂಡಿನ ಮನೆಯಲ್ಲಿ ನಾನು ವೀಣೆ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಅನಸೂಯಾ ಪಿಟೀಲು ನುಡಿಸುತ್ತಿದ್ದೆವು. ಅಮ್ಮ ಅಡಿಗೆಮನೆಯಿಂದಲೇ ತಾಳ ಹಾಕುವಳು. ಅಕ್ಕ ಸಮಕ್ಕೆ ಬರುವ ಮುಂಚೆ ಬೇಕೆಂದೇ ಕಮಾನನ್ನು ಒಂದು ಉಸಿರು ತಡೆದು ಹಿಡಿಯುತ್ತಿದ್ದಳು, ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತ. "ತಾಳ ಯಾರಿಗೂ ಕಾಯಲ್ಲ ಕಣೇ ಅನಸೂಯಾ," ಎಂದು ಅಮ್ಮ ಒಳಗಿಂದ ಬೈಯುವಳು. ಆದರೆ ನಾನು ಕಾಯುತ್ತಿದ್ದೆ. ಅವಳು ಯಾವಾಗ ಇಳಿಯುತ್ತಾಳೆ ಎಂಬುದು ನನಗೊಬ್ಬಳಿಗೇ ಗೊತ್ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಇಳಿದಾಗ ಅವಳು ನಗುತ್ತಿದ್ದಳು. ಆಮೇಲೆ ಮದುವೆಗಳಾದವು. ಅವಳು ವಿಜಯವಾಡಕ್ಕೆ ಹೋದಳು, ನಾನು ಕೊಚ್ಚಿ, ಮುಂಬಯಿ, ವಿಶಾಖಪಟ್ಟಣ ಎಂದು ಸುತ್ತಿದೆ. ನನ್ನನ್ನು ಹಾಗೆ ಕಾಯಿಸಿದವರು ಮತ್ತೆ ಯಾರೂ ಸಿಕ್ಕಿರಲಿಲ್ಲ. ಬಂದರಿನ ಕಡೆ ನೋಡುತ್ತ ಹಡಗಿಗೆ ಕಾಯುವುದು ಬೇರೆ.

ಮುಗಿದ ಮೇಲೆ ಹುಲ್ಲುಹಾಸಿನ ಮೇಲೆ ಚಹಾ, ಸಮೋಸ ಇಟ್ಟಿದ್ದರು. ಒಬ್ಬ ಕಮಾಂಡರ್, "ತುಂಬ ಹಿತವಾಗಿತ್ತು, ಇಷ್ಟು ಒಳ್ಳೆಯ ನಿದ್ದೆ ಸಮುದ್ರದಲ್ಲಿ ಸಿಗಲ್ಲ," ಎಂದು ನಗಿಸುತ್ತಿದ್ದರು. ಕಪ್ಪು ಉಡುಪಿಗೆ ಒಂದು ಮುತ್ತಿನ ಸರವಾದರೂ ಬೇಕಿತ್ತು ಎಂದು ಒಬ್ಬಾಕೆ. ಸಿನಿಮಾದಲ್ಲಿ ನಾಯಕಿಗೆ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಹಿಂದೆ ಬರುತ್ತದಲ್ಲ ಅದೇ ಇದು ಎಂದು ಇನ್ನೊಬ್ಬಾಕೆ. ನಾನು ಪಕ್ಕದ ಕ್ವಾರ್ಟರ್ಸಿನ ಗಂಗಾಭವಾನಿಯನ್ನು ಕೇಳಿದೆ.

"ಮೂರನೇದರಲ್ಲಿ ಅವರು ಮಧ್ಯೆ ತಡೆದು ನಿಲ್ತಿದ್ದರಲ್ಲ, ಗಮನಿಸಿದಿರಾ?"

"ಗಮನಿಸದೆ ಏನು ಮಂಗಳಾಗಾರೂ. ಪ್ರತಿ ಸಲ ನಿಂತಾಗಲೂ ಮುಗೀತು ಅಂತ ಕೈ ಎತ್ತಿದ್ದೆ. ಅಧ್ಯಕ್ಷೆ ಆಯಮ್ಮ ತಟ್ಟಲಿಲ್ಲ, ಬಚಾವಾದೆ. ನೀವು ಸಮೋಸ ತಗೊಳ್ಳಲಿಲ್ಲವೇ?"

ಸಮೋಸ ತೆಗೆದುಕೊಂಡೆ. ಮನೆಗೆ ಬಂದು ದೀಪ ಹಾಕಿದೆ. ಹೇಳಿಕೊಳ್ಳಬೇಕಾದ ಒಂದು ಮಾತು ಒಳಗಿದ್ದು, ಕೇಳುವವರು ಯಾರೂ ಇಲ್ಲದಾಗ ಮನೆ ಇನ್ನೂ ದೊಡ್ಡದಾಗುತ್ತದೆ. ಅಲ್ಲಿ ಹಂಚಿದ್ದ ಹಾಳೆಯನ್ನು ತಿರುಗಿಸಿದರೆ ಹಿಂದುಗಡೆ ಮುಂದಿನ ಕಛೇರಿಯ ವಿವರವಿತ್ತು: ಭಾನುವಾರ, ವಿಜಯವಾಡ. ನಡೆಸುವವರು ನನ್ನ ಭಾವ ಕಾಮೇಶ್ವರ ರಾವ್ ಕಾರ್ಯದರ್ಶಿಯಾಗಿದ್ದ ಸಂಗೀತ ಸಭೆ. ಅಕ್ಕ ಇದನ್ನು ಕೇಳಬೇಕು, ನಾನು ಪಕ್ಕದಲ್ಲಿ ಕೂತಿರಬೇಕು, ಆ ಜಾಗ ಬಂದಾಗ ಅವಳು ಓರೆಗಣ್ಣಲ್ಲಿ ನನ್ನನ್ನು ನೋಡಬೇಕು. ಬೇರೇನೂ ಬೇಕಿರಲಿಲ್ಲ ನನಗೆ.

ಮರುದಿನ ಬೆಳಿಗ್ಗೆ ದ್ವಾರಕಾ ನಗರದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಭಾವ ತೆಗೆದುಕೊಂಡರು.

"ರಾ ಅಮ್ಮಾ, ತಪ್ಪದೇ ಬಾ. ನಾಲ್ಕು ವರ್ಷ ಆಯ್ತು ಕದಾ ನೀನು ಬಂದು."

"ಅಕ್ಕನ ಹತ್ತಿರ ಕೊಡಿ ಭಾವ."

"ಅವಳು ಈಗೀಗ ಫೋನಿಗೆ ಬರೋದೇ ಇಲ್ಲಮ್ಮಾ. ಮನುಷ್ಯರ ಮುಖ ನೋಡದೆ ಏನು ಮಾತು ಅಂತಾಳೆ. ನಾನು ಹೇಳ್ತೀನಿ ಬಿಡು."

ಅಂದೇ ರೈಲು ಹತ್ತಿದೆ. ತುನಿ, ಸಾಮರ್ಲಕೋಟ, ರಾಜಮಂಡ್ರಿ. ಗೋದಾವರಿಯ ಸೇತುವೆಯ ಮೇಲೆ ಎಲ್ಲರ ಹಾಗೆ ನಾನೂ ನೀರಿಗೊಂದು ನಾಣ್ಯ ಎಸೆದೆ. ದಾರಿಯುದ್ದಕ್ಕೂ ಅಕ್ಕನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ. ಮೊದಲೇ ಹೇಳಿಬಿಡಬಾರದು, ಅವಳೇ ಕಂಡುಕೊಳ್ಳಲಿ ಎಂದು ಒಮ್ಮೆ. ಹೇಳದೆ ತಡೆಯಲಾರೆ ಎಂದು ಇನ್ನೊಮ್ಮೆ.

ಸತ್ಯನಾರಾಯಣಪುರಂನ ಅವರ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಎರಡೂ ಕೆನ್ನೆ ಹಿಡಿದುಕೊಂಡು ಮಾತು ಶುರು ಮಾಡಿದಳು. "ಏನೇ ಇಷ್ಟು ಇಳಿದುಹೋಗಿದ್ದೀಯ. ಉಪ್ಪುಗಾಳಿ ಕುಡ್ಕೊಂಡೇ ಇರ್ತೀಯೇನು. ಮೊದಲು ಕೈಕಾಲು ತೊಳ್ಕೋ. ಹುಳಿ ಮಾಡಿದೀನಿ, ನಮ್ಮ ಕಡೆ ಹುಳಿ, ಇಲ್ಲಿಯ ಪುಲುಸು ಅಲ್ಲ. ಇಂದುಧರ ಚೆನ್ನಾಗಿದಾರಾ? ಚೆನ್ನಾಗೇ ಇರ್ತಾರೆ. ಹುಡುಗ ಎತ್ತರ ಆಗಿರ್ಬೇಕು." ಕೇಳಿದ ಪ್ರಶ್ನೆಗೆ ಉತ್ತರವನ್ನೂ ಅವಳೇ ಹೇಳುತ್ತಿದ್ದಳು. ಹಿಂದೆ ಅವಳು ಇಷ್ಟು ಮಾತಾಡುವವಳಲ್ಲ. ಸಂತೋಷಕ್ಕೆ ಎಂದುಕೊಂಡೆ.

ಊಟವಾದ ಮೇಲೆ ಅವಳು ಒಲೆಯ ಕಡೆ ತಿರುಗಿ ಹಾಲು ಕಾಯಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. "ಅಕ್ಕ, ನಾಳೆ ನುಡಿಸ್ತಾಳಲ್ಲ ಆಕೆ, ಥೇಟ್ ನಿನ್ನ ಹಾಗೇ ಸಮಕ್ಕೆ ಮುಂಚೆ ಕಾಯ್ತಾಳೆ. ಅದಕ್ಕೇ ಓಡಿ ಬಂದೆ," ಎಂದೆ. ಅವಳು ಹಾಲನ್ನೇ ನೋಡುತ್ತಿದ್ದಳು. ಉಕ್ಕಿ ಬಂದಾಗ ಇಳಿಸಿ, ನನ್ನ ಕಡೆ ತಿರುಗಿ, "ಸಕ್ಕರೆ ಎಷ್ಟು ಹಾಕ್ಲಿ ನಿಂಗೆ?" ಎಂದಳು.

ಇಷ್ಟು ದೂರ ಹೊತ್ತು ತಂದದ್ದನ್ನು ಅವಳು ಮುಟ್ಟಿಯೂ ನೋಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಹಳೆಯದೆಲ್ಲ ಮರೆತಿರಬಹುದು, ತಪ್ಪೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಪಿಟೀಲು ಎಲ್ಲಿ ಎಂದು ಕೇಳಿದೆ. ತಂತಿ ಹೋಗಿದೆ, ಮೇಲೆ ಇಟ್ಟಿದ್ದೇನೆ ಎಂದಳು.

ಅವಳ ಮಗಳು ಕನಕದುರ್ಗ ಕಾಲೇಜಿಗೆ ಹೋಗುವ ಹುಡುಗಿ. ನನ್ನನ್ನು ಚಿಕ್ಕಮ್ಮ ಅನ್ನದೆ ತೆಲುಗಿನವರ ಹಾಗೆ ಪಿನ್ನಿ ಅನ್ನುತ್ತಾಳೆ. ಮಹಡಿಯಲ್ಲಿ ಹಾಸಿಗೆ ಹಾಸಿಕೊಡುತ್ತ, "ಅಮ್ಮಂಗೆ ಬೇಜಾರು ಮಾಡ್ಕೋಬೇಡ ಪಿನ್ನಿ. ನಮ್ಮ ಜೊತೇನೂ ಹಂಗೇ. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾಳೆ. ತೆಲುಗು ಸರಿಗ್ಗಾ ಅರ್ಥ ಆಗಲ್ಲ ಅಂತಾಳೆ," ಎಂದಳು.

"ಅರ್ಥ ಆಗಲ್ಲವಾ? ಅವಳು ಬಂದ ಎರಡೇ ವರ್ಷಕ್ಕೆ ನಿಮ್ಮ ಅಜ್ಜಿ ಜೊತೆ ತೆಲುಗಲ್ಲೇ ಜಗಳ ಆಡ್ತಿದ್ದಳು."

ಕನಕದುರ್ಗ ನಕ್ಕಳು. "ನಾನೂ ಅದೇ ಅಂದೆ. ಇಲ್ಲೆಲ್ಲ ಜನ ಅನ್ನೋದೂ ಅದೇ, ಪಾಪ, ಆಯಮ್ಮ ಕನ್ನಡದವರು ಅಂತ. ನಂಗೆ ಕನ್ನಡ ಸರಿಯಾಗಿ ಬರಲ್ಲ, ಅವಳಿಗೆ ತೆಲುಗು ಬೇಡ. ಹೀಂಗೆ ನಡೀತಿದೆ ಮಾ ಸಂಸಾರ."

ಭಾನುವಾರ ಸಂಜೆ ಅಕ್ಕ ನನಗೊಂದು ಮಂಗಳಗಿರಿ ಸೀರೆ ಕೊಟ್ಟಳು, ಎಲೆಹಸಿರು ಬಣ್ಣದ್ದು. ತಾನೂ ಅಂಥದ್ದೇ ಉಟ್ಟಳು. ಸಭೆಯ ಕಾರ್ಯದರ್ಶಿಯ ಹೆಂಡತಿ ಎಂದು ಅವಳಿಗೆ ಮೊದಲನೆಯ ಸಾಲು. ಆದರೆ ಅವಳು ನನ್ನನ್ನು ಕರೆದುಕೊಂಡು ಎರಡನೆಯ ಸಾಲಿನ ಬದಿಗೆ ಹೋಗಿ ಕೂತಳು. "ಇಲ್ಲಿಂದ ಚೆನ್ನಾಗಿ ಕಾಣುತ್ತೆ," ಎಂದಳು.

ಅದು ಬೇರೆಯೇ ಸಭೆ. ಪಂಚೆ, ಶಲ್ಯ, ನಶ್ಯದ ಡಬ್ಬಿ, ಕಾಫಿಯ ಫ್ಲಾಸ್ಕು. ಪಿಯಾನೊವನ್ನು ಒಂದು ಹಳೆಯ ಮಿಶನ್ ಶಾಲೆಯಿಂದ ಲಾರಿಯಲ್ಲಿ ತರಿಸಿದ್ದರು. ಶ್ರುತಿ ಮಾಡುವವರು ಮದ್ರಾಸಿನಿಂದ ಬಂದಿದ್ದರು. ಹಾಲಿನಾಗೆ ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಭಾವ ದೀರ್ಘವಾಗಿ ಮಾತಾಡಿದರು. ಅವಳು ಹಾರ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಪಿಯಾನೊದ ಕಾಲಿಗೆ ಹಾಕಿದಳು. "ಪಕ್ಕವಾದ್ಯವೇ ಇಲ್ಲವಲ್ಲ, ಪಾಪ," ಎಂದು ಹಿಂದಿನ ಸಾಲಿನ ಹೆಂಗಸು ಮರುಗಿದಳು. "ಮೃದಂಗದ ತನಿ ಆವರ್ತನದ ಹೊತ್ತಿಗೆ ಕಾಫಿಗೆ ಎದ್ದುಹೋಗೋ ಹಾಗೂ ಇಲ್ಲ," ಎಂದ ಅವಳ ಗಂಡ.

ಮೊದಲ ರಚನೆ ಶುರುವಾಗುತ್ತಲೇ ನೂರಾರು ಕೈಗಳು ಎದ್ದವು. ಇಲ್ಲಿ ಸಂಗೀತ ಕೇಳುವುದೆಂದರೆ ತಾಳ ಹಾಕುವುದು. ಮೊದಲು ಆದಿತಾಳ ಹಾಕಿ ನೋಡಿದರು, ಹೊಂದಲಿಲ್ಲ. ನಮ್ಮ ಮುಂದೆ ಕೂತಿದ್ದ ವೈಣಿಕರು ಈಶ್ವರಯ್ಯನವರು ಮೊದಲು ಹಿಡಿದರು, ಮೂರರ ನಡೆ ಎಂದು. ಅವರ ಕೈ ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭೆಯ ತೊಡೆಗಳ ಮೇಲೆ ಮೂರರ ನಡೆ ಓಡತೊಡಗಿತು. ಹಾಲಿನಾ ಆ ಸದ್ದಿಗೆ ಒಮ್ಮೆ ತಲೆಯೆತ್ತಿ ನೋಡಿ ಸಣ್ಣಗೆ ನಕ್ಕ ಹಾಗಿತ್ತು.

ಅಕ್ಕನೂ ಹಾಕುತ್ತಿದ್ದಳು. ಅಚ್ಚುಕಟ್ಟಾಗಿ, ತಲೆದೂಗುತ್ತ, ಎಲ್ಲರ ಜೊತೆ ಒಂದೇ ಸಮನೆ. ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ ನನಗೆ ನಾಚಿಕೆಯಾಯಿತು, ನಿನ್ನೆ ಸುಮ್ಮನೆ ನೊಂದುಕೊಂಡೆನಲ್ಲ ಎಂದು. ಸಂಗೀತದವಳು ಸಂಗೀತದ ಹತ್ತಿರ ಬಂದರೆ ಸರಿಹೋಗುತ್ತಾಳೆ.

ಆಮೇಲೆ ಆ ರಾತ್ರಿಯ ಹಾಡು ಬಂತು.

ಎಡಗೈಯ ತೂಗಾಟಕ್ಕೆ ಸಭೆ ತಾಳ ಹೊಂದಿಸಿಕೊಂಡಿತು. ನಾನು ತಾಳ ಹಾಕಲಿಲ್ಲ. ಆ ಜಾಗಕ್ಕೇ ಕಾಯುತ್ತಿದ್ದೆ. ಸಾಲಿನ ತುದಿ ಬಂತು. ಹಾಲಿನಾ ತಡೆದಳು. ಸಭೆಯ ತುಂಬ ಕೈಗಳು ಎದ್ದವು, ಎದ್ದಂತೆಯೇ ನಿಂತವು. ಕೆಲವು ಅವಸರಪಟ್ಟು ಬಿದ್ದವು, ಕೆಲವು ಬಿದ್ದು ಮತ್ತೆ ಎದ್ದವು. ಅವಳು ಇಳಿದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಹಿಡಿದರು. ಮುಂದಿನ ಸಾಲಿನಲ್ಲಿ ಮತ್ತೆ ತಡೆದಳು. ಈಶ್ವರಯ್ಯನವರು ಬಲಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಕೊನೆಗೆ ಕೈಯನ್ನು ಶಲ್ಯದೊಳಗೆ ಸೇರಿಸಿಬಿಟ್ಟರು. ಒಂದೊಂದಾಗಿ ತಾಳಗಳು ನಿಂತುಹೋದವು.

ಈಗ ನೋಡುತ್ತಾಳೆ ಎಂದು ನಾನು ಅಕ್ಕನ ಕಡೆ ತಿರುಗಿದೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ, ವೇದಿಕೆಯ ಮೇಲೂ ಇರಲಿಲ್ಲ. ಈಶ್ವರಯ್ಯನವರ ಭುಜದ ಹತ್ತಿರ ಇತ್ತು, ಅಲ್ಲಿ ಕೈ ಕಾಣದೆ ಎಡಕ್ಕೆ ಹೋಯಿತು, ಅಲ್ಲಿಂದ ಬಲಕ್ಕೆ. ಅವಳ ಕೈ ಮಾತ್ರ ಮೊದಲಿನ ನಡೆಯಲ್ಲೇ ಹೋಗುತ್ತಿತ್ತು, ಸಂಗೀತಕ್ಕೆ ಸಂಬಂಧವೇ ಇಲ್ಲದ ಹಾಗೆ. ಹಾಡು ಸಣ್ಣದಾಗುತ್ತ, ಸಣ್ಣದಾಗುತ್ತ ಮುಗಿಯಿತು. ಹಾಲಿನಾ ಕೈಗಳನ್ನು ಪಿಯಾನೊ ಮೇಲೆಯೇ ಇಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದಳು. ಇಡೀ ಸಭೆ ಉಸಿರು ಬಿಡದೆ ಇತ್ತು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಿಂದ ಒಂದೇ ಒಂದು ಸದ್ದು ಬರುತ್ತಿತ್ತು. ಅಕ್ಕನ ಅಂಗೈ ಅವಳ ತೊಡೆಯ ಮೇಲೆ ಬೀಳುತ್ತಿತ್ತು. ಒಂದು. ಮತ್ತೊಂದು. ಇನ್ನೂ ಒಂದು.

ಚಪ್ಪಾಳೆ ಶುರುವಾಯಿತು. ಅಕ್ಕ ಥಟ್ಟನೆ ಸುತ್ತ ನೋಡಿ, ತಾನೂ ಚಪ್ಪಾಳೆ ತಟ್ಟಿದಳು.

ಆಗ ನನಗೆ ಎಲ್ಲ ತಿಳಿಯಿತು. ಫೋನಿಗೆ ಬಾರದ್ದು, ಬಿಡದೆ ಮಾತಾಡಿದ್ದು, ಹಾಲಿನ ಪಾತ್ರೆ, ಅರ್ಥವಾಗದ ತೆಲುಗು. ತೆಲುಗಿನವರ ನಡುವೆ ಕಿವಿ ಕೇಳಿಸದಿದ್ದರೆ ಕನ್ನಡದವಳು ಎಂಬ ನೆಪವಿತ್ತು. ಕಛೇರಿಯಲ್ಲಿ ಕೇಳಿಸದಿದ್ದರೆ ನೋಡಲು ನೂರು ಕೈಗಳಿದ್ದವು. ಯಾರ ಕೈಯಾದರೂ ಸರಿಯಾದ ತಾಳ ಹಾಕಿಯೇ ಹಾಕುತ್ತಿತ್ತು. ಕನ್ನಡದಲ್ಲೇ ಮಾತಾಡುವ ನಾನು ಬಂದಾಗ ಒಂದು ನೆಪ ಹೋಯಿತು. ಈ ಹೆಂಗಸು ಬಂದು ಇನ್ನೊಂದನ್ನೂ ಕೆಡವಿದಳು.

ವಿರಾಮದಲ್ಲಿ ಜನ ಗುಂಪಾಗಿ ನಿಂತರು. "ಬೆರಳು ವಜ್ರ. ಲಯ ಮಾತ್ರ ದೇವರಿಗೇ ಪ್ರೀತಿ," ಎಂದರು ಯಾರೋ. "ಅದನ್ನ ಆಲಾಪನೆ ಅಂತ ತಿಳ್ಕೊಳ್ಳಿ ಸ್ವಾಮಿ, ಆಲಾಪನೆಗೆ ಯಾರಾದರೂ ತಾಳ ಹಾಕ್ತಾರಾ?" ಎಂದರು ಈಶ್ವರಯ್ಯನವರು. "ಆಲಾಪನೆ ಆದರೆ ಎಡಗೈ ಯಾಕೆ ತಾಳ ಹಾಕ್ಬೇಕು?" ಎಂದು ಇನ್ನೊಬ್ಬರು. ಭಾವ ಉತ್ಸಾಹದಲ್ಲಿ ಅಕ್ಕನನ್ನು ಮುಂದಕ್ಕೆ ಕರೆದರು. "ನಮ್ಮ ಮನೆಯವರನ್ನೇ ಕೇಳಿ. ಮೈಸೂರು ಬಾಣಿ ಪಿಟೀಲು. ಏಮಂಟಾವ್ ಅನಸೂಯಾ, ಹೇಗನ್ನಿಸಿತು?"

ಎಲ್ಲರ ಮುಖ ಅವಳ ಕಡೆ ತಿರುಗಿತು. ಅಕ್ಕ ಭಾವನ ತುಟಿಗಳನ್ನು ನೋಡಿದಳು, ಆಮೇಲೆ ನನ್ನನ್ನು ಒಂದು ಕ್ಷಣ. ಅಚ್ಚ ತೆಲುಗಿನಲ್ಲಿ, ಒಂದು ಅಕ್ಷರವೂ ತಪ್ಪದೆ ಹೇಳಿದಳು: "ಕೈ ಚೆನ್ನಾಗಿದೆ. ಕಾಲಪ್ರಮಾಣ ನಿಲ್ಲೋದಿಲ್ಲ. ತಾಳ ಯಾರಿಗೂ ಕಾಯೋದಿಲ್ಲವಲ್ಲ."

ಎಲ್ಲರೂ ತಲೆದೂಗಿದರು. ಕಛೇರಿಯನ್ನು ಅವಳು ಕೇಳಿರಲಿಲ್ಲ. ತಡವರಿಸಿದ ಕೈಗಳನ್ನು ಕಂಡಿದ್ದಳು, ಅವು ಏನು ಹೇಳಿದವೋ ಅದನ್ನೇ ಹೇಳಿದಳು. ಅಮ್ಮನ ಮಾತನ್ನು ಅವಳ ಬಾಯಲ್ಲಿ ಕೇಳಿ, ನನ್ನ ಆಟದ ಜೊತೆಗಾತಿ ಎಂದೋ ಹೋಗಿಬಿಟ್ಟಿದ್ದಾಳೆ, ನನಗೆ ಈಗ ತಿಳಿಯುತ್ತಿದೆ ಅನ್ನಿಸಿತು. ವಿಶಾಖಪಟ್ಟಣದ ಹುಲ್ಲುಹಾಸಿನ ಮೇಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಎರಡನೆಯ ಭಾಗ ಶುರುವಾದಾಗ ಸಭೆಯಲ್ಲಿ ತಾಳ ಹಾಕುವವರು ಕಡಿಮೆಯಾಗಿದ್ದರು. ಅಕ್ಕ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ನಾನು ಯೋಚಿಸದೆ ಅವಳ ಮುಂಗೈಯ ಮೇಲೆ ಎರಡು ಬೆರಳಿಟ್ಟು, ಪಿಯಾನೊ ನಡೆದ ಹಾಗೆ ತಟ್ಟತೊಡಗಿದೆ. ಅವಳು ಸುಟ್ಟುಕೊಂಡವಳ ಹಾಗೆ ಕೈ ಎಳೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಕಿವಿಯ ತುದಿ ಕೆಂಪಾಗಿತ್ತು. ನಾನು ಮಾಡಿದ್ದು ಸರಿಯಲ್ಲ ಅನ್ನಿಸಿತು. ಮುಚ್ಚಿಟ್ಟವರ ಮುಂದೆ ನನಗೆ ಗೊತ್ತು ಅನ್ನುವುದೂ ಒಂದು ಹೊಡೆತವೇ.

ಕೊನೆಯ ರಚನೆ ಮುಗಿದ ಮೇಲೆ ಜನ ಎದ್ದು ನಿಂತು, "ಇನ್ನೊಂದು, ಇನ್ನೊಂದು," ಎಂದರು. ಲಯವಿಲ್ಲ ಎಂದವರೂ ಕೂಗುತ್ತಿದ್ದರು. ಹಾಲಿನಾ ಮತ್ತೆ ಬಂದು ಕೂತು, ಅಂಗೈ ಒರೆಸಿಕೊಂಡು, ಅದೇ ರಾತ್ರಿಯ ಹಾಡನ್ನು ಮತ್ತೆ ಎತ್ತಿಕೊಂಡಳು. ಈ ಸಲ ಒಬ್ಬರೂ ತಾಳ ಹಾಕಲಿಲ್ಲ. ಅಕ್ಕ ಸುತ್ತ ನೋಡಿದಳು. ನೋಡಲು ಯಾರ ಕೈಯೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಕುರ್ಚಿಯ ತೋಳನ್ನು ದಾಟಿ ನನ್ನ ಮಡಿಲಿಗೆ ಬಂತು. ಅಂಗೈ ಮೇಲಾಗಿ.

ಮೂರನೆಯ ಸಲ ಕೇಳುತ್ತಿದ್ದೆ, ದಾರಿ ಗೊತ್ತಿತ್ತು. ಎಡಗೈಯ ತೂಗಾಟವನ್ನು ಅವಳ ಅಂಗೈಯಲ್ಲಿ ತಟ್ಟಿದೆ. ಸಾಲಿನ ತುದಿಗೆ ಬಂದಾಗ ಬೆರಳೆತ್ತಿ ತಡೆದೆ. ಅವಳ ಅಂಗೈ ಹಾಗೆಯೇ ಬಿಚ್ಚಿಕೊಂಡು ಕಾಯಿತು. ಹಾಲಿನಾ ಇಳಿದಳು, ನಾನೂ ಇಳಿದೆ. ಅಕ್ಕ ಅಲ್ಲಾಡಲಿಲ್ಲ. ಎರಡನೆಯ ಸಲ ತಡೆದಾಗ ಅವಳ ಉಸಿರೂ ನಿಂತದ್ದು ನನಗೆ ತಿಳಿಯಿತು. ಮೂರನೆಯ ಸಲ, ನಾನು ಬೆರಳು ಇಳಿಸುವ ಗಳಿಗೆಗೇ ಅವಳ ಬೆರಳುಗಳು ಮಡಚಿಕೊಂಡು ನನ್ನದನ್ನು ಹಿಡಿದವು. ನೋಡದೆ, ಕೇಳದೆ, ಸರಿಯಾಗಿ ಸಮಕ್ಕೆ. ಅವಳು ಓರೆಗಣ್ಣಲ್ಲಿ ನನ್ನನ್ನು ನೋಡಲಿಲ್ಲ. ಎದುರಿಗೆ ನೋಡುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿ ನಿಂತಿತ್ತು.

ಭಾವ, ಕನಕದುರ್ಗ ಅತಿಥಿಗಳ ಜೊತೆ ಉಳಿದರು. ನಾವಿಬ್ಬರೂ ರಿಕ್ಷಾದಲ್ಲಿ ಮನೆಗೆ ಹೊರಟೆವು. ಅಂಗಡಿಗಳ ದೀಪ ಬಂದಾಗಲೆಲ್ಲ ಅವಳು ನನ್ನ ಮುಖದ ಕಡೆ ತಿರುಗುತ್ತಿದ್ದಳು. ಬೆಳಕಿದ್ದರೆ ತುಟಿ ಕಾಣುತ್ತದೆಂದು ಆಗ ಅರ್ಥವಾಯಿತು.

"ಎಷ್ಟು ದಿನ ಆಯ್ತು?" ಎಂದೆ.

"ನಿಧಾನಕ್ಕೆ ಹೋಯ್ತು ಕಣೇ. ಮೊದಲು ಪಿಟೀಲಿನ ಮೇಲಿನ ಸ್ವರ. ತಂತಿ ಸರಿಯಿಲ್ಲ ಅಂತ ನಾಲ್ಕು ಸಲ ತಂತಿ ಬದಲಾಯಿಸಿದೆ. ದಪ್ಪ ಸದ್ದು ಇನ್ನೂ ಕೇಳುತ್ತೆ. ರೈಲು, ಮೃದಂಗದ ಎಡಗಡೆ. ನಿಮ್ಮ ಭಾವ ಜೋರಾಗಿ ಬೈದ್ರೆ ಅದೂ ಕೇಳುತ್ತೆ." ನಕ್ಕಳು. "ಹುಡುಗಿ ಮಾತು ಮಾತ್ರ ಕೇಳಲ್ಲ. ಅವಳ ದನಿ ಸಣ್ಣದು."

"ಡಾಕ್ಟರ ಹತ್ತಿರ ಹೋಗೋಣ. ಕಿವಿಗೆ ಹಾಕೋ ಯಂತ್ರ ಬರುತ್ತೆ."

"ಜೇಬಲ್ಲಿ ಡಬ್ಬಿ, ಕಿವಿಗೆ ವೈರು. ಹಾಗೆ ಹೋಗಿ ಸಭೇಲಿ ಕೂತ್ಕೊಳ್ಲಾ? ಪಿಟೀಲು ಅನಸೂಯಮ್ಮನಿಗೆ ಕಿವುಡು ಅಂತ ಈ ಬೆಜವಾಡ ಊರೆಲ್ಲ ಆಡ್ಕೊಳ್ಬೇಕಾ?" ಕತ್ತಲು ಬಂತು, ಅವಳು ಸುಮ್ಮನಾದಳು. ಮುಂದಿನ ಅಂಗಡಿಯ ಬೆಳಕಿಗೆ ಮತ್ತೆ ಮಾತಾಡಿದಳು. "ಅವರಿಗೆ ನೀನು ಹೇಳಬೇಡ. ನಾನೇ ಹೇಳ್ತೀನಿ. ಸಂಕ್ರಾಂತಿ ಕಳೀಲಿ."

"ಹೇಳ್ತೀಯಾ?"

ಅದಕ್ಕೆ ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ. ಇನ್ನು ಮೇಲೆ ಅವಳ ಪ್ರತಿ ಮೌನಕ್ಕೂ ಈ ಅನುಮಾನ ಅಂಟಿಕೊಂಡಿರುತ್ತದೆ. ಮನೆಯ ತಿರುವಿನಲ್ಲಿ ಅವಳೇ ಕೇಳಿದಳು.

"ಮಂಗಳಾ, ನೀನು ಮಧ್ಯೆ ಮಧ್ಯೆ ಬೆರಳು ಎತ್ತಿ ಹಿಡೀತಿದ್ದೆಯಲ್ಲ, ಅದು ನಿನ್ನ ಕಿತಾಪತಿಯೋ, ಅವಳದೋ?"

"ಅವಳದೇ."

"ಪ್ರತಿ ಸಲಾನೂ ಕೊನೆಗೆ ಬಂದಳಾ?"

ನಾನು ಹೌದೆಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ನನ್ನನ್ನು ಕಳಿಸಲು ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರಂ ಮೇಲೆ ಗದ್ದಲ. ಇಡ್ಲಿ ಮಾರುವವರು, ಕೂಲಿಗಳು, ಧ್ವನಿವರ್ಧಕ. ಆ ಗದ್ದಲದಲ್ಲಿ ನನಗೂ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ನಾವಿಬ್ಬರೂ ಸಮವಾಗಿದ್ದೆವು. ಕಿಟಕಿಯ ಸರಳು ಹಿಡಿದಿದ್ದ ನನ್ನ ಬೆರಳುಗಳ ಮೇಲೆ ಅವಳು ತನ್ನ ಕೈಯಿಟ್ಟು ತಾಳ ಹಾಕತೊಡಗಿದಳು. ಆದಿತಾಳ, ನಂಜನಗೂಡಿನದು. ಒಂದು ಆವರ್ತ ಮುಗಿಸಿದಳು, ಇನ್ನೊಂದು ಶುರು ಮಾಡಿದಳು. ಕೊನೆಯ ಎಣಿಕೆ ಆದಮೇಲೆ ಕೈ ಎತ್ತಿ, ತಡೆದು ಹಿಡಿದು, ಓರೆಗಣ್ಣಲ್ಲಿ ನನ್ನನ್ನು ನೋಡಿದಳು.

ರೈಲು ಅಲುಗಾಡಿ ಹೊರಟಿತು. ಎರಡು ಹೆಜ್ಜೆ ಜೊತೆಗೆ ಬಂದಳು, ಆಮೇಲೆ ನಿಂತಳು, ಕೈ ಇನ್ನೂ ಮೇಲೇ ಇತ್ತು. ಪ್ಲಾಟ್‌ಫಾರಂ ಮೇಲಿದ್ದವರಿಗೆ ಅವಳು ನನ್ನನ್ನು ಬೀಳ್ಕೊಡುತ್ತಿರುವಂತೆ ಕಂಡಿರಬೇಕು. ನಾನು ಸರಳಿನ ಮೇಲೆ ಬೆರಳಿಟ್ಟುಕೊಂಡು ಕಾದೆ. ಏಲೂರು ದಾಟಿದ ಮೇಲೂ ಆ ಪೆಟ್ಟನ್ನು ನಾನೇ ಹಾಕಿ ಮುಗಿಸಲು ಮನಸ್ಸಾಗಲಿಲ್ಲ.